ಕೇಳುವವರ ಊರು

ಧಾರವಾಡವನ್ನು ಕುರಿತು ಬರೆದವರೆಲ್ಲ ಅದರ ಮಳೆಯನ್ನು ಬರೆದಿದ್ದಾರೆ, ಪೇಢೆಯನ್ನು ಬರೆದಿದ್ದಾರೆ. ಸಾಧನಕೇರಿಯ ಕವಿಯನ್ನಂತೂ ನೆನೆಯದೆ ಬಿಟ್ಟವರಿಲ್ಲ. ಸಂಗೀತದ ಮಾತು ಬಂದಿತೆಂದರೆ ಹಾಡಿದವರ ಹೆಸರುಗಳ ಮಾಲೆಯೊಂದು ಎಲ್ಲರ ನಾಲಗೆಯ ಮೇಲೂ ಸಿದ್ಧವಾಗಿರುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ: ಈ ಐವರ ಹುಟ್ಟೂರುಗಳನ್ನೂ ಧಾರವಾಡದಿಂದ ಹೊರಟು ಅರ್ಧ ದಿನದೊಳಗೆ ಮುಟ್ಟಬಹುದು. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟು ದೊಡ್ಡ ಕಂಠಗಳು ಹೇಗೆ ಹುಟ್ಟಿದವೆಂದು ಬೆರಗಾಗದ ಪ್ರವಾಸಿಯಿಲ್ಲ. ನೀರು ಕಾರಣವೆನ್ನುವವರುಂಟು, ಗಾಳಿ ಕಾರಣವೆನ್ನುವವರೂ ಉಂಟು.

ನೀರು ಗಾಳಿಗಳ ಮಹಿಮೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಹಾಡುವ ಒಂದು ಕಂಠದ ಹಿಂದೆ ಕೇಳುವ ನೂರು ಕಿವಿಗಳಿರಬೇಕೆಂಬುದು ಎಂಟು ವರ್ಷ ಈ ಊರಿನಲ್ಲಿ ಬಾಳಿದ ಮೇಲೆ ನನಗೆ ಮನದಟ್ಟಾಗಿದೆ. ಹಾಡಿದವರನ್ನು ಲೋಕ ಬಲ್ಲದು. ಅವರಿಗೆ ಕಿವಿಯಾದವರ ಹೆಸರು ಯಾವ ಫಲಕದ ಮೇಲೂ ಇಲ್ಲ. ಈ ಬರಹ ಅವರನ್ನು ಕುರಿತದ್ದು.

ಬಂಡಿ ಬಿಚ್ಚಿದ ತಾಣ

ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಧಾರವಾಡ ಕುಳಿತಿದೆ. ಪಡುವಣಕ್ಕೆ ನಡೆದರೆ ಕಾಡು, ಮೂಡಣಕ್ಕೆ ನಡೆದರೆ ಹತ್ತಿ ಜೋಳಗಳ ಎರೆಭೂಮಿ. ಸಂಗೀತಕ್ಕೂ ಇದು ಅಂಚಿನ ಊರೇ. ಉತ್ತರಕ್ಕೆ ಮೀರಜ, ಪುಣೆ, ಮುಂಬಯಿ. ದಕ್ಷಿಣಕ್ಕೆ ಮೈಸೂರಿನ ಅರಮನೆ. ೧೯೫೬ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ಈ ಭಾಗ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮರಾಠಿ ನಾಟಕ ಮಂಡಳಿಗಳು ಇಲ್ಲಿಗೆ ಬಂದು ಡೇರೆ ಹೂಡುತ್ತಿದ್ದವು. ಅವುಗಳ ರಂಗಗೀತೆಗಳ ಹಿಂದಿನಿಂದಲೇ ರಾಗಗಳು ಜನರ ಮನೆಗಳನ್ನು ಹೊಕ್ಕವು. ಮೈಸೂರಿನ ಮಹಾರಾಜರ ಆಹ್ವಾನದ ಮೇಲೆ ದಕ್ಷಿಣಕ್ಕೆ ಹೊರಟ ಉತ್ತರದ ಗಾಯಕರಿಗೆ ದಾರಿಯಲ್ಲಿ ಸಿಗುತ್ತಿದ್ದ ಊರುಗಳು ಹುಬ್ಬಳ್ಳಿ ಧಾರವಾಡಗಳು.

ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು (೧೮೭೨–೧೯೩೭) ಈ ಸೀಮೆಗೆ ಮತ್ತೆ ಮತ್ತೆ ಬಂದರು. ಧಾರವಾಡದಲ್ಲಿ ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರ ಮನೆಗೆ ಹೋಗಿ, ಆಕೆಯ ಕರ್ನಾಟಕ ಸಂಗೀತವನ್ನು ಕುಳಿತು ಕೇಳಿದರು. ಮುಂದೆ ತ್ಯಾಗರಾಜರ ಕೃತಿಯನ್ನು ಗ್ರಾಮಫೋನ್ ತಟ್ಟೆಗೆ ಹಾಡಿದ ಉತ್ತರಾದಿಯ ಉಸ್ತಾದರು ಇವರೇ. ಅಷ್ಟು ದೊಡ್ಡ ಗಾಯಕರು ಮೊದಲು ಎಷ್ಟು ದೊಡ್ಡ ಕೇಳುಗರಾಗಿದ್ದರೆಂಬುದನ್ನು ಇದರಿಂದ ಊಹಿಸಬಹುದು. ಭಾಸ್ಕರಬುವಾ ಬಖಲೆಯವರು ಇಲ್ಲಿಯ ಟ್ರೇನಿಂಗ್ ಕಾಲೇಜಿನಲ್ಲಿ ಕೆಲವು ಕಾಲ ಸಂಗೀತ ಕಲಿಸಿದರು. ಸಿತಾರರತ್ನ ರಹಿಮತ್ ಖಾನರು ಧಾರವಾಡದಲ್ಲಿಯೇ ನೆಲಸಿದರು. ಅವರ ಮೊಮ್ಮಗ ಬಾಲೇಖಾನರ (೧೯೪೨–೨೦೦೭) ಸಿತಾರವನ್ನು ಊರು ಇನ್ನೂ ಮರೆತಿಲ್ಲ.

ಇವರನ್ನೆಲ್ಲ ಇಲ್ಲಿ ತಡೆದು ನಿಲ್ಲಿಸಿದ್ದೇನು? ಸಂಭಾವನೆಯ ಆಸೆಯೊಂದೇ ಆಗಿದ್ದರೆ ದೊಡ್ಡ ಸಂಸ್ಥಾನಗಳಿದ್ದವು, ಮುಂಬಯಿಯ ಸಿರಿವಂತರಿದ್ದರು. ನೀರಿದ್ದಲ್ಲಿ ದಾರಿಹೋಕ ಬಂಡಿ ಬಿಚ್ಚುವಂತೆ, ಕೇಳುವವರಿದ್ದಲ್ಲಿ ಗವಾಯಿ ತಂಬೂರಿಯ ಗವಸು ಬಿಚ್ಚುತ್ತಾನೆ.

ಮಾಳಮಡ್ಡಿಯ ಜಮಖಾನ

ನಾನು ಹಾಸನ ಜಿಲ್ಲೆಯವನು. ರುದ್ರಪಟ್ಟಣದಂಥ ಸಂಗೀತಗ್ರಾಮವಿರುವ ಸೀಮೆಯಿಂದ ಬಂದವನಾದ್ದರಿಂದ ಕೃತಿ, ಸ್ವರ, ತನಿ ಆವರ್ತನಗಳು ಕಿವಿಗೆ ಪರಿಚಿತವಾಗಿದ್ದವು. ತೊಡೆಯ ಮೇಲೆ ಕೈತಟ್ಟಿ ತಾಳ ಎಣಿಸುತ್ತ ಕೇಳುವುದು ನಮ್ಮ ಕಡೆಯ ಪದ್ಧತಿ. ಉಪನ್ಯಾಸಕನಾಗಿ ಧಾರವಾಡಕ್ಕೆ ಬಂದ ಮೊದಲ ಮಳೆಗಾಲದಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಮಾಳಮಡ್ಡಿಯ ಒಂದು ಹಂಚಿನ ಮನೆಗೆ ಕರೆದೊಯ್ದರು. ಪಡಸಾಲೆಯಲ್ಲಿ ಮಾಸಿದ ಕೆಂಪು ಜಮಖಾನ ಹಾಸಿತ್ತು. ಗೋಡೆಯ ಗೂಡಿನಲ್ಲಿ ಹಳೆಯ ರೇಡಿಯೋ, ಅದರ ಪಕ್ಕದಲ್ಲಿ ಕ್ಯಾಸೆಟ್ಟುಗಳ ಸಾಲು, ಎಲ್ಲಕ್ಕೂ ಮೇಲೆ ಬಟ್ಟೆ ಹೊದಿಸಿದ ಗ್ರಾಮಫೋನು. ಹೊಸ್ತಿಲು ದಾಟುವ ಮೊದಲೇ ಯಜಮಾನರು ಕೇಳಿದರು:

“ಬರ್ರಿ ಸರ, ಕೂಡ್ರಿ. ಇವತ್ತ ಏನ ಕೇಳಿದ್ರಿ?”

ಊಟವಾಯಿತೆ ಎಂದಲ್ಲ, ಯಾವ ಊರು ಎಂದಲ್ಲ. ಈ ಕೂಟದಲ್ಲಿ ಕುಶಲಪ್ರಶ್ನೆಯೆಂದರೆ ಇದೊಂದೇ.

ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ವರ್ಗಣಿಯಿಲ್ಲ. ಯಜಮಾನರು ರೇಲ್ವೆಯಿಂದ ನಿವೃತ್ತರಾದವರು. ಒಬ್ಬರು ಜವಳಿ ಅಂಗಡಿಯವರು, ಒಬ್ಬರು ಗಣಿತ ಕಲಿಸುತ್ತಿದ್ದ ಹೈಸ್ಕೂಲು ಮಾಸ್ತರರು, ಒಬ್ಬರು ಹೆರಿಗೆ ಆಸ್ಪತ್ರೆಯಲ್ಲಿ ದುಡಿದ ಡಾಕ್ಟರಬಾಯಿ. ಭಜನೆಯ ಮೇಳದಲ್ಲಿ ತಬಲಾ ನುಡಿಸುವ ದರ್ಜಿಯೊಬ್ಬರನ್ನು ಬಿಟ್ಟರೆ ಸಂಗೀತವನ್ನು ಕೈಯಿಂದಲೋ ಬಾಯಿಂದಲೋ ಬಲ್ಲವರು ಅಲ್ಲಿ ಯಾರೂ ಇಲ್ಲ. ಎಲ್ಲರೂ ಕೇಳುವವರೇ.

ಕಟ್ಟಳೆಗಳು ಮೂರು. ದಿನಕ್ಕೊಬ್ಬರ ಸರದಿ, ಸರದಿಯವರು ಒಂದೇ ಒಂದು ರಾಗವನ್ನು ಅರ್ಧ ಗಂಟೆಗೆ ಮೀರದಂತೆ ಕೇಳಿಸಬೇಕು. ಹಾಡಿದವರ ಹೆಸರನ್ನಾಗಲಿ ರಾಗದ ಹೆಸರನ್ನಾಗಲಿ ಮೊದಲು ಹೇಳಬಾರದು. ಹಾಡು ಮುಗಿದ ಮೇಲೆ ಒಳಗಿನಿಂದ ಚಹಾ ಬರುವವರೆಗೆ ಯಾರೂ ಮಾತನಾಡಬಾರದು. ಈ ಮೂರನೆಯದೇ ಕಠಿಣ. ಆದರೆ ಕೇಳಿದ್ದು ಮನಸ್ಸಿನ ತಳಕ್ಕೆ ಇಳಿಯುವುದು ಆ ಮೌನದಲ್ಲಿಯೇ.

ಸರದಿಯಿಲ್ಲದವರಿಗೂ ಬಿಡುಗಡೆಯಿಲ್ಲ. ಆ ದಿನ ಅವರ ಕಿವಿಗೆ ಬಿದ್ದದ್ದೇನು ಎಂಬುದನ್ನು ಪ್ರತಿಯೊಬ್ಬರೂ ಹೇಳಬೇಕು. ಆಕಾಶವಾಣಿಯ ಬೆಳಗಿನ ಗಾಯನವಿರಬಹುದು, ಗುಡಿಯ ಶಹನಾಯಿಯಿರಬಹುದು, ಬಸ್ಸಿನಲ್ಲಿ ಯಾರೋ ಗುನುಗಿದ ಒಂದು ಸಾಲಿರಬಹುದು. ಸಂಜೆ ಹೇಳಬೇಕಾಗಿದೆಯೆಂಬ ಎಚ್ಚರ ಬೆಳಗಿನ ಕೇಳುವಿಕೆಯನ್ನೇ ಬದಲಿಸಿಬಿಡುತ್ತದೆ. ಮುಖಕ್ಷೌರ ಮಾಡಿಕೊಳ್ಳುತ್ತ ಅರೆಮನಸ್ಸಿನಿಂದ ಕೇಳುತ್ತಿದ್ದವನು ಕತ್ತಿಯನ್ನು ಕೆಳಗಿಟ್ಟು, ‘ಇಲ್ಲಿ ಧೈವತವನ್ನು ಏಕೆ ಹೀಗೆ ಮುಟ್ಟಿದರು? ಸಂಜೆ ಮಾಸ್ತರರನ್ನು ಕೇಳಬೇಕು’ ಎಂದುಕೊಳ್ಳುತ್ತಾನೆ. ಒಬ್ಬನೇ ಕುಳಿತು ಕೇಳುವಾಗಲೂ ಆತ ಒಬ್ಬನೇ ಅಲ್ಲ.

ಚಹಾದ ಬಳಿಕ

ಒಂದು ಸಂಜೆಯ ಮಾತನ್ನು ಇಲ್ಲಿ ಹೇಳಿದರೆ ಈ ಕೂಟದ ಸ್ವಾರಸ್ಯ ವಾಚಕರಿಗೆ ತಿಳಿದೀತು. ಜವಳಿ ಅಂಗಡಿಯವರ ಸರದಿ. ಹಾಡು ಮುಗಿಯಿತು, ಚಹಾ ಬಂತು. ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮವಿಲ್ಲ ಎಂಬಷ್ಟನ್ನು ಎಲ್ಲರೂ ಹಿಡಿದಿದ್ದರು. ಆದರೆ ಈ ಲಕ್ಷಣ ಮಾರವಾ, ಪೂರಿಯಾ, ಸೋಹನಿ ಮೂರಕ್ಕೂ ಒಪ್ಪುತ್ತದೆ. ಮೂರು ರಾಗಗಳಿಗೂ ಸ್ವರಗಳು ಅವೇ. ಹಾಗಾದರೆ ಇದು ಯಾವುದು?

“ಎಲ್ಲಿ ನಿಲ್ತಾರ ಅನ್ನೂದನ್ನ ನೋಡ್ರಿ,” ಎಂದರು ಡಾಕ್ಟರಬಾಯಿ. “ರಿಷಭ ಧೈವತದ ಮ್ಯಾಲೆ ನಿಂತ್ರ ಮಾರವಾ. ಷಡ್ಜಕ್ಕ ಬರಾಕ ಮನಸ್ಸ ಇಲ್ಲದವರಂಗ ಹೊರಗ ಹೊರಗ ತಿರಗತಾರ. ಇವರು ಗಾಂಧಾರ ನಿಷಾದ ಹಿಡಕೊಂಡು ಮಂದ್ರದಾಗ ಇಳಿದ್ರು. ಇದು ಪೂರಿಯಾ.”

“ಹೌದ್ರಿ ಅಕ್ಕಾರ,” ಎಂದರು ದರ್ಜಿ. “ಸೋಹನಿ ಆಗಿದ್ರ ಇಷ್ಟೊತ್ತಿಗೆ ತಾರಸಪ್ತಕದಾಗ ಇರತಿತ್ತು.”

ಅಂದು ಕೂಟಕ್ಕೆ ಮೊದಲ ಬಾರಿ ಬಂದಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಮೆಲ್ಲಗೆ, “ಮೊಘಲ್-ಎ-ಆಜಂ ಸಿನಿಮಾದಾಗ ಬಡೇ ಗುಲಾಂ ಅಲಿ ಖಾನರು ಹಾಡಿದ್ದು ಸೋಹನಿ ಅಲ್ಲೇನ್ರಿ?” ಎಂದಳು. ೧೯೬೦ರ ಆ ಚಿತ್ರದ ಹೆಸರು ಕೇಳುತ್ತಲೇ ಯಜಮಾನರ ಮುಖ ಅರಳಿತು. ಸಂಜೆಯ ಪೂರಿಯಾ ಹಿಂದುಳಿದು ಮಾತು ನಡುರಾತ್ರಿಯ ಬಳಿಕದ ಸೋಹನಿಯತ್ತ ಹೊರಳಿತು. ಒಂದೇ ಸ್ವರಸಮೂಹ ದೀಪ ಹಚ್ಚುವ ಹೊತ್ತಿನಲ್ಲಿ ಗಂಭೀರವಾಗಿ, ರಾತ್ರಿ ಕಳೆಯುವ ಹೊತ್ತಿನಲ್ಲಿ ಚಂಚಲವಾಗಿ ಕೇಳಿಸುವುದನ್ನು ಪುಸ್ತಕವೂ ಹೇಳೀತು. ಆದರೆ ನಾಲ್ಕು ಜನ ನಾಲ್ಕು ಕಡೆಯಿಂದ ಬೆರಳಿಟ್ಟು ತೋರಿಸಿದಾಗ ಅದು ಕಿವಿಯ ಜ್ಞಾನವಾಗುತ್ತದೆ. ನಾನು ಬಾಲ್ಯದಿಂದ ಬಲ್ಲ ಮೋಹನಕ್ಕೆ ಹತ್ತಿರವಾದ ಭೂಪಾಲಿಯನ್ನು ಗುರುತಿಸಿದ್ದೂ, ಅವೇ ಐದು ಸ್ವರಗಳ ದೇಶಕಾರ ಧೈವತವನ್ನು ಎತ್ತಿ ಹಿಡಿದು ಬೆಳಗಿನ ರಾಗವಾಗುವುದನ್ನು ಅರಿತದ್ದೂ ಇದೇ ಜಮಖಾನದ ಮೇಲೆ.

ಜಗಳವೂ ಉಂಟು. ಧಾರವಾಡ ಎರಡು ಘರಾಣೆಗಳ ಊರು. ಕಿರಾನಾದವರಿಗೆ ಸ್ವರವೇ ಸರ್ವಸ್ವ. ಒಂದೊಂದನ್ನೇ ನಿಧಾನವಾಗಿ ತೆರೆಯುತ್ತ ಹೋಗುತ್ತಾರೆ. ಮನ್ಸೂರರು ಮಂಜೀಖಾನ ಭೂರ್ಜೀಖಾನರಿಂದ ಪಡೆದ ಜಯಪುರ–ಅತ್ರೌಲಿ ಮಾರ್ಗದಲ್ಲಿ ಸ್ವರವೂ ಲಯವೂ ಒಂದಕ್ಕೊಂದು ಹೆಣೆದುಕೊಂಡು ಬಳ್ಳಿಯಂತೆ ಸುತ್ತುತ್ತವೆ. ಅಪೂರ್ವ ರಾಗಗಳೆಂದರೆ ಅವರಿಗೆ ಅಂಗೈಯ ನೆಲ್ಲಿಕಾಯಿ. ಜವಳಿಯವರು ಕಿರಾನಾದ ಕಡೆ, ಗಣಿತದ ಮಾಸ್ತರರು ಜಯಪುರದ ಕಡೆ.

“ಒಂದ ಸ್ವರಾನ ಹತ್ತು ನಿಮಿಷ ಹಿಡಕೊಂಡ ಕೂತರ ಹೊತ್ತು ಹೆಂಗ ಹೋಗಬೇಕ್ರಿ?” ಎಂದು ಮಾಸ್ತರರು ಕೆಣಕುತ್ತಾರೆ.

“ಹೊತ್ತು ಹೋಗಲಿ ಅಂತ ಯಾಕ ಕೇಳ್ತೀರಿ, ಮಾಸ್ತರ? ಹೊತ್ತು ನಿಲ್ಲಲಿ ಅಂತ ಕೇಳೂದು,” ಎಂದು ಜವಳಿಯವರ ಉತ್ತರ.

ವರ್ಷಕ್ಕೊಂದು ದಿನ ಮಾತ್ರ ಇಬ್ಬರಿಗೂ ಸಂಧಿಯಾಗುತ್ತದೆ. ಕಿರಾನಾದ ಸವಾಯಿ ಗಂಧರ್ವರು ತೀರಿಕೊಂಡದ್ದು ೧೯೫೨ರ ಸೆಪ್ಟೆಂಬರ್ ೧೨ರಂದು. ಮನ್ಸೂರರು ತೀರಿಕೊಂಡದ್ದು ೧೯೯೨ರಲ್ಲಿ, ಅದೇ ತಾರೀಖಿನಂದು. ಆ ಸಂಜೆ ಅರ್ಧ ಗಂಟೆಯ ಕಟ್ಟಳೆಯನ್ನು ಸಡಿಲಿಸಿ ಒಬ್ಬರಾದ ಮೇಲೆ ಒಬ್ಬರನ್ನು ಕೇಳುತ್ತಾರೆ. ಜಗಳವಿಲ್ಲ.

ಯಂತ್ರಗಳ ಕಾಲದಲ್ಲಿ

ಇಂಥ ಕೂಟಗಳು ಹುಟ್ಟಿದ್ದು ಬರಿಯ ರಸಿಕತೆಯಿಂದಲ್ಲ, ಕೊರತೆಯಿಂದಲೂ ಹೌದು. ಓಣಿಗೊಂದು ಗ್ರಾಮಫೋನು ಇದ್ದರೆ ಹೆಚ್ಚೆನ್ನುವ ಕಾಲದಲ್ಲಿ ಒಬ್ಬನೇ ಕೇಳುವುದೆಂಬುದೇ ಇರಲಿಲ್ಲ. ಗಂಗೂಬಾಯಿಯವರು ಬಾಲ್ಯದಲ್ಲಿ ಗ್ರಾಮಫೋನಿನ ದನಿ ಕೇಳಿದೊಡನೆ ಬೀದಿಗೆ ಓಡುತ್ತಿದ್ದರು. ಗದಗಿನ ಶಾಲಾಮಾಸ್ತರರ ಮಗ ಭೀಮಸೇನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿದ. ಅದರಲ್ಲಿದ್ದ ಝಿಂಝೋಟಿ ರಾಗ ಅವನ ಮನಸ್ಸನ್ನು ಹಿಡಿಯಿತು. ೧೯೩೩ರಲ್ಲಿ, ಹನ್ನೊಂದರ ಎಳೆಯ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟ. ಗ್ವಾಲಿಯರ್, ಕಲಕತ್ತೆ, ಜಲಂಧರಗಳನ್ನು ಸುತ್ತಿ ಕೊನೆಗೆ ಮನೆಯ ಸಮೀಪದ ಕುಂದಗೋಳದಲ್ಲಿಯೇ ಗುರುವನ್ನು ಕಂಡ. ತಟ್ಟೆಯ ಒಂದು ಮಗ್ಗುಲು ತಿರುಗುತ್ತಿದ್ದುದು ಮೂರು ನಾಲ್ಕು ನಿಮಿಷವಷ್ಟೆ!

೧೯೫೦ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಕೇಂದ್ರ ಬಂತು. ೧೯೫೨ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. ಆ ಶನಿವಾರದ ರಾತ್ರಿಗಳಲ್ಲಿ ರೇಡಿಯೋ ಇದ್ದ ಮನೆಯ ಕಿಟಕಿಯ ಕೆಳಗೆ ನೆರೆಹೊರೆಯವರು ಕಂಬಳಿ ಹೊದ್ದು ಕುಳಿತಿರುತ್ತಿದ್ದರೆಂದು ನಮ್ಮ ಯಜಮಾನರು ಹೇಳುತ್ತಾರೆ. ಅವರೂ ಹಾಗೆ ಕುಳಿತ ಹುಡುಗರಲ್ಲೊಬ್ಬರು.

ಇಂದು ಕೊರತೆಯಿಲ್ಲ. ಒಂದು ತಟ್ಟೆಗಾಗಿ ಹಿಂದಿನವರು ಮುಂಬಯಿಗೆ ಕಾಗದ ಬರೆದು ಕಾಯುತ್ತಿದ್ದರು. ಇಂದು ಅದೇ ಹಾಡು ಅಂಗೈಯಗಲದ ಮೊಬೈಲಿನಲ್ಲಿ ಕರೆದೊಡನೆ ಬರುತ್ತದೆ. ಇದನ್ನು ಹಳಿಯುವುದು ಕೃತಘ್ನತೆ. ಸಂಗೀತ ಯಾರ ಮನೆಯ ಸೊತ್ತೂ ಅಲ್ಲದಂತಾಗಿದೆ. ಆದರೆ ಕಿವಿಯೊಳಗೆ ತಂತಿ ತೂರಿಸಿಕೊಂಡು ಕೇಳುವವನ ಪಕ್ಕದಲ್ಲಿ ಕುಳಿತವನಿಗೆ ಏನೂ ಕೇಳಿಸುವುದಿಲ್ಲ. ನನ್ನ ವಿದ್ಯಾರ್ಥಿನಿ ಕೂಟಕ್ಕೆ ಬರುವ ಮೊದಲೂ ವಸತಿಗೃಹದಲ್ಲಿ ರಾತ್ರಿಯೆಲ್ಲ ಕೇಳುತ್ತಿದ್ದವಳೇ. ಅವಳಿಗಿದ್ದ ಕೊರತೆ ಒಂದೇ: “ಕೇಳಿದ ಮ್ಯಾಲೆ ಯಾರಿಗೆ ಹೇಳಬೇಕ್ರಿ, ಸರ?”

ಕುಂದಗೋಳದ ರಾತ್ರಿ

ಕೂಟದವರು ವರ್ಷಕ್ಕೊಮ್ಮೆ ಕೂಡಿಯೇ ಪ್ರಯಾಣ ಹೊರಡುತ್ತಾರೆ. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು ೨೦ ಕಿಲೋಮೀಟರು. ಅಲ್ಲಿಂದ ಮತ್ತೆ ಸುಮಾರು ಅಷ್ಟೇ ದೂರ ಕುಂದಗೋಳಕ್ಕೆ. ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು ಇದು. ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯ ಇಲ್ಲಿದೆ. ಆದರೆ ಸಂಗೀತಪ್ರೇಮಿಗಳ ದೇವಾಲಯ ನಾಡಿಗೇರರ ವಾಡೆ. ಸಂಗೀತಕ್ಕೆ ಆಶ್ರಯವಿತ್ತ ಈ ಮನೆತನದ ವಾಡೆಯಲ್ಲಿ ಅಬ್ದುಲ್ ಕರೀಂ ಖಾನರು ಹಾಡಿದ್ದರು. ಅವರ ಶಿಷ್ಯ ರಾಮಭಾವು ಕುಂದಗೋಳಕರರೇ ಸವಾಯಿ ಗಂಧರ್ವರೆಂದು (೧೮೮೬–೧೯೫೨) ಹೆಸರಾದವರು. ಅವರಲ್ಲಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಇಲ್ಲಿಗೆ ಬರುತ್ತಿದ್ದರು.

ಗುರುಗಳ ಪುಣ್ಯಸ್ಮರಣೆಗಾಗಿ ಪುಣೆಯಲ್ಲಿ ಭೀಮಸೇನ ಜೋಶಿಯವರ ಮುಂದಾಳ್ತನದಲ್ಲಿ ೧೯೫೩ರಲ್ಲಿ ಉತ್ಸವ ಆರಂಭವಾಯಿತು. ಅದು ಇಂದು ಜಗತ್ಪ್ರಸಿದ್ಧ. ಕುಂದಗೋಳದ ಉತ್ಸವಕ್ಕೆ ಗಂಗೂಬಾಯಿಯವರು ಆಸರೆಯಾಗಿ ನಿಂತರು. ಇಲ್ಲಿ ಸಂಗೀತ ನಡೆಯುವುದು ರಾತ್ರಿಯಿಡೀ. ಪಟ್ಟಣದ ಸಭಾಗೃಹಗಳಲ್ಲಿ ಕಛೇರಿ ಹತ್ತು ಗಂಟೆಗೆ ಮುಗಿಯುವುದರಿಂದ ಮಾಲಕೌಂಸದ ನಡುರಾತ್ರಿಯಾಗಲಿ ಲಲಿತದ ನಸುಕಾಗಲಿ ರಸಿಕರ ಪಾಲಿಗೆ ಅಪರೂಪವಾಗಿವೆ. ಕುಂದಗೋಳದಲ್ಲಿ ರಾಗಗಳು ತಮ್ಮ ತಮ್ಮ ಹೊತ್ತಿಗೆ ಸರಿಯಾಗಿ ಬರುತ್ತವೆ. ನಮ್ಮ ಪಕ್ಕದಲ್ಲಿ ಹೊಲದ ಕೆಲಸ ಮುಗಿಸಿ ಬಂದ ರೈತರು ಕುಳಿತಿರುತ್ತಾರೆ. ರಾಗದ ಹೆಸರು ಅವರು ಹೇಳದಿರಬಹುದು. ಆದರೆ ಗಾಯಕ ಸಮಕ್ಕೆ ಬಂದು ಮುಟ್ಟಿದಾಗ ಅವರ ತಲೆ ತೂಗುವುದು ತಪ್ಪುವುದಿಲ್ಲ.

ಕಳೆದ ಬಾರಿ ಯಜಮಾನರೂ ಬಂದಿದ್ದರು. ಅವರಿಗೀಗ ಎಂಬತ್ತಮೂರು. ಎರಡು ವರ್ಷಗಳಿಂದ ಕಿವಿ ಕುಂದುತ್ತ ಬಂದಿದೆ. ಶ್ರವಣಯಂತ್ರ ಮಾತಿಗೆ ಒದಗುತ್ತದೆ, ಸಂಗೀತಕ್ಕೆ ಒದಗುವುದಿಲ್ಲ. ಅದರಲ್ಲಿ ತಂಬೂರಿ ಜರಡಿ ಹಿಡಿದಂತೆ ಕೇಳುತ್ತದೆಯೆಂದು ತೆಗೆದು ಕಿಸೆಗೆ ಹಾಕಿಕೊಳ್ಳುತ್ತಾರೆ. ಮಂದ್ರದ ಸ್ವರಗಳು ಮಸುಕಾಗಿ ಮುಟ್ಟುತ್ತವೆ. ತಾರಸಪ್ತಕ ಮುಟ್ಟುವುದೇ ಇಲ್ಲ. ಎಪ್ಪತ್ತು ವರ್ಷ ಕೇಳಿ ಬಾಳಿದವರಿಗೆ ಇದೆಂಥ ದುಃಖವೆಂದು ನಾನು ಬರೆಯಬೇಕಾಗಿಲ್ಲ.

ಗಾಯಕರು ವಿಲಂಬಿತ ಖ್ಯಾಲನ್ನು ಎತ್ತಿಕೊಂಡರು. ದರ್ಜಿಯವರು ಸದ್ದಿಲ್ಲದೆ ಯಜಮಾನರ ಬಲಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಅಂಗೈಯ ಮೇಲೆ ಬೆರಳಿನಿಂದ ಏಕತಾಲದ ಹನ್ನೆರಡು ಮಾತ್ರೆಗಳನ್ನು ನುಡಿಸತೊಡಗಿದರು. ಡಾಕ್ಟರಬಾಯಿ ಎಡಕ್ಕೆ ಬಾಗಿ ನಡುನಡುವೆ ಕಿವಿಯ ಬಳಿ ಒಂದೊಂದು ಮಾತು: “ಕಾಕಾ, ಮಾಲಕೌಂಸ… ಮಧ್ಯಮದ ಮ್ಯಾಲೆ ನಿಂತಾರ… ಈಗ ಧೈವತ ಮುಟ್ಟಿದ್ರು.” ಯಜಮಾನರು ಕಣ್ಣು ಮುಚ್ಚಿದ್ದರು. ಕೇಳದೆ ಹೋದದ್ದನ್ನೆಲ್ಲ ಅವರ ನೆನಪು ತುಂಬಿಕೊಳ್ಳುತ್ತಿರಬೇಕು. ಆವರ್ತನ ತಿರುಗಿ ಸಮಕ್ಕೆ ಬಂದಾಗ ಸಭೆಯ ತಲೆಗಳೊಂದಿಗೆ ಅವರ ತಲೆಯೂ ತೂಗಿತು. ಒಂದು ಕ್ಷಣ ಮೊದಲಲ್ಲ, ಒಂದು ಕ್ಷಣ ತಡವಲ್ಲ.

ಮರಳುವಾಗ ಬಂಡಿಯಲ್ಲಿ ಅವರೇ ಮಾತು ತೆಗೆದರು. ಬೆಂಗಳೂರಿನಲ್ಲಿರುವ ಮಕ್ಕಳು ಕರೆಯುತ್ತಿದ್ದಾರೆ. ಮಾಳಮಡ್ಡಿಯ ಮನೆಗೆ ಗಿರಾಕಿಗಳು ಬಂದು ಹೋಗಿದ್ದಾರೆ. ನಾನು ಸೇರಿದಾಗ ಹನ್ನೊಂದು ಮಂದಿ ಇದ್ದ ಕೂಟದಲ್ಲಿ ಈಗ ಉಳಿದವರು ಆರು. ಹೊರಗೆ ಎರೆಹೊಲಗಳ ಮೇಲೆ ಬೆಳಕು ಹರಿಯುತ್ತಿತ್ತು. ಯಾರೂ ಉತ್ತರ ಕೊಡಲಿಲ್ಲ. ಹುಬ್ಬಳ್ಳಿ ದಾಟಿದ ಮೇಲೆ ಗಣಿತದ ಮಾಸ್ತರರು ಲೆಕ್ಕ ಬಿಡಿಸಿದವರಂತೆ ಹೇಳಿದರು: “ಜಮಖಾನ ನಮ್ಮನಿಗೆ ಬರಲಿ. ನಮ್ಮ ಪಡಸಾಲಿ ಸಣ್ಣದು, ಆರು ಮಂದಿಗೆ ಸಾಕು.” ಹಿಂದಿನ ಆಸನದಿಂದ ನನ್ನ ವಿದ್ಯಾರ್ಥಿನಿ ತಿದ್ದಿದಳು: “ಏಳ್ರಿ, ಮಾಸ್ತರ. ನನ್ನನ್ನೂ ಹಿಡೀರಿ.”

ಧಾರವಾಡಕ್ಕೆ ಬರುವ ವಾಚಕರು ಪೇಢೆ ಕೊಳ್ಳಲಿ, ಮನ್ಸೂರರ ‘ಮೃತ್ಯುಂಜಯ’ ನಿವಾಸಕ್ಕೆ ಹೋಗಿ ಅವರು ಬಾಳಿದ ತಾಣಕ್ಕೆ ಕೈಮುಗಿಯಲಿ. ಆದರೆ ಈ ಊರಿನಿಂದ ಒಯ್ಯಬೇಕಾದ ನಿಜವಾದ ವಸ್ತುವಿಗೆ ಬೆಲೆಯಿಲ್ಲ, ಪೊಟ್ಟಣವೂ ಬೇಕಿಲ್ಲ. ನಿಮ್ಮ ಊರು ಮಂಡ್ಯವಿರಲಿ ಮಡಿಕೇರಿಯಿರಲಿ, ಸಂಗೀತದಲ್ಲಿ ಒಲವುಳ್ಳ ಇನ್ನೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಹಾಡಲು ಬರಬೇಕೆಂಬ ನಿಯಮವಿಲ್ಲ, ಶಾಸ್ತ್ರ ತಿಳಿದಿರಬೇಕೆಂಬ ಹಟವೂ ಇಲ್ಲ. ಒಂದು ಚಾಪೆ, ಅರ್ಧ ಗಂಟೆ, ಎರಡು ಲೋಟ ಚಹಾ ಇದ್ದರೆ ಆಯಿತು. ಮುಂದಿನ ಗವಾಯಿ ಯಾವ ಊರಿನಲ್ಲಿ ತಂಬೂರಿಯ ಗವಸು ಬಿಚ್ಚಬೇಕೆಂಬುದನ್ನು ಅಂಥ ಚಾಪೆಗಳೇ ನಿರ್ಧರಿಸುತ್ತವೆ.